ವಾಚ್‌ಮನ್ ಕುರ್ಚಿ ಯಾಕೆ ಹೋಯಿತು?

ಜೆ.ಪಿ. ನಗರದ ಓದುಗರೊಬ್ಬರ ಪತ್ರ: “ನನ್ನ 20 ವರ್ಷದ ಗೆಳೆಯ ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷನಾದ. ಆರೇ ತಿಂಗಳಲ್ಲಿ ಬೇರೆ ಮನುಷ್ಯನಾಗಿಬಿಟ್ಟ. ಗೇಟಿನಲ್ಲಿ ವಾಚ್‌ಮನ್ ಕೂರುತ್ತಿದ್ದ ಕುರ್ಚಿಯನ್ನೂ ತೆಗೆಸಿದ. ಅಧಿಕಾರ ಅವನನ್ನು ಕೆಡಿಸಿತೋ, ಅವನು ಮೊದಲಿನಿಂದಲೂ ಹೀಗೆಯೋ?”

ಸಂಪಾದಕರ ಉತ್ತರ:

ನಮಸ್ಕಾರ. ಪತ್ರ ಓದಿದ ಮೇಲೂ ಆ ಕುರ್ಚಿ ಮನಸ್ಸಿನಿಂದ ಹೋಗಲಿಲ್ಲ. ದಿನವಿಡೀ ಗೇಟು ಕಾಯುವವರ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಿಂದ ಯಾರಿಗೆ ಏನು ತೊಂದರೆ? ಆದರೂ ತೆಗೆಸಿದರು. ಎದುರು ಮಾತಾಡಲು ವಾಚ್‌ಮನ್‌ಗೆ ಬಾಯಿಲ್ಲವಲ್ಲ.

‘ಅಲ್ಪನಿಗೆ ಐಶ್ವರ್ಯ ಬಂದರೆ’ ಅಂತ ಗಾದೆ ಹೇಳಿ ಮುಗಿಸಬಹುದಿತ್ತು. ನನಗೆ ಅದು ಒಪ್ಪಿಗೆಯಿಲ್ಲ. ಒಳ್ಳೆಯವರೂ ಕೆಡುತ್ತಾರೆ. ಸುತ್ತಲಿನವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿಕೊಂಡಾಗ ಅದು ಶುರುವಾಗುತ್ತದೆ.

ನನಗೂ ಹೀಗೆ ಆಗಿದೆ. ಸಂಪಾದಕನಾದ ಮೇಲೆ ನನ್ನ ಬರಹದಲ್ಲಿ ತಿದ್ದುಪಡಿಗಳು ಕಡಿಮೆಯಾದವು. ಚೆನ್ನಾಗಿ ಬರೆಯುತ್ತಿದ್ದೇನೆ ಅಂದುಕೊಂಡೆ. ಒಂದು ಸಲ ದೊಡ್ಡ ತಪ್ಪೇ ಅಚ್ಚಾಯಿತು. ಕರಡು ತಿದ್ದುವವರನ್ನು ಕೇಳಿದರೆ, “ಕಂಡಿತ್ತು ಸರ್. ನೀವು ಬರೆದಿದ್ದಲ್ವಾ ಅಂತ ಸುಮ್ನಾದೆ” ಅಂದರು. ಹಿಂದೊಮ್ಮೆ ಅವರು ತಪ್ಪು ತೋರಿಸಿದಾಗ ನಾನು ಮುಖ ಗಂಟು ಹಾಕಿದ್ದೆ. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದಿದೆ. ನನಗೆ ತುಂಬಾ ಇಷ್ಟವಾದ ಮಾತು. ಆದರೆ ಒಂದು ಪ್ರಮಾಣಪತ್ರಕ್ಕೆ ‘ನಾಳೆ ಬನ್ನಿ’ ಅನ್ನಿಸಿಕೊಂಡು ಚಪ್ಪಲಿ ಸವೆಸಿದವರು ಎಷ್ಟು ಜನ! ಕೊನೆಗೆ 2011ರಲ್ಲಿ ಸಕಾಲ ಕಾಯ್ದೆ ಮಾಡಬೇಕಾಯಿತು. ಹೇಳಿದ ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಜಾಸ್ತಿ ಅಂದರೆ 500. ದುಡ್ಡು ಏನೂ ಅಲ್ಲ. ಆದರೆ ‘ಯಾಕೆ ತಡ?’ ಅಂತ ಕೇಳುವ ಹಕ್ಕು ಕೌಂಟರಿನ ಈಚೆ ನಿಂತವರಿಗೂ ಬಂತು.

ಗೆಳೆಯರು ಮೊದಲು ಹೇಗಿದ್ದರು ಅನ್ನುವ ಲೆಕ್ಕ ಈಗ ಬೇಡ. ‘ಇದು ತಪ್ಪು ಕಣೋ’ ಅನ್ನುವ ಸಲಿಗೆ ನಿಮಗಿದೆ. ಸಭೆಯಲ್ಲಿ ಹೇಳಬೇಡಿ, ನಾಲ್ಕು ಜನರ ಮುಂದೆ ಮಾನ ಹೋದರೆ ಇನ್ನೂ ಹಟ ಹಿಡಿಯುತ್ತಾರೆ. ಬೆಳಗ್ಗೆ ವಾಕಿಂಗ್‌ನಲ್ಲಿ ಹೇಳಿ. ಕೇಳಲಿಲ್ಲವೋ, ಒಬ್ಬರೇ ವರ್ಷಗಟ್ಟಲೆ ಅಧ್ಯಕ್ಷರಾಗಿರಬಾರದು ಅನ್ನುವ ನಿಯಮವನ್ನು ಮುಂದಿನ ಮಹಾಸಭೆಗೆ ತನ್ನಿ. ಅಲ್ಲಿಯವರೆಗೆ ನಿಮ್ಮ ಮನೆಯ ಕುರ್ಚಿಯೊಂದನ್ನು ಗೇಟಿಗೆ ಇಳಿಸಿ. ಇಟ್ಟಿದ್ದು ನಾನೇ ಅಂತ ಗೆಳೆಯರಿಗೆ ಅವತ್ತೇ ತಿಳಿಸಿ. ಇಲ್ಲದಿದ್ದರೆ ಬೈಸಿಕೊಳ್ಳುವುದು ವಾಚ್‌ಮನ್.