ಆಟಗಾರರು ನಾಲ್ಕೇ ವರ್ಷಕ್ಕೆ ಹೊರಟುಹೋಗುವ ಕಾಲೇಜು ತಂಡಕ್ಕೆ ಅಭಿಮಾನಿಯಾಗುವುದರಲ್ಲಿ ಏನಿದೆ?

ಬರುವ ಆಗಸ್ಟ್‌ನಲ್ಲಿ ಸ್ನಾತಕೋತ್ತರ ಓದಿಗೆಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಹೊರಟಿರುವ ನೀವು ಕೇಳಿರುವುದು ಇಷ್ಟು: ಅಲ್ಲಿಯ ಬಾಸ್ಕೆಟ್‌ಬಾಲ್ ತಂಡವೆಂದರೆ ಹಿರಿಯ ವಿದ್ಯಾರ್ಥಿಗಳು ಪ್ರಾಣ ಬಿಡುತ್ತಾರೆ, ಆದರೆ ಆಟಗಾರರು ನಾಲ್ಕು ವರ್ಷಕ್ಕೆ ಹೊರಟುಹೋಗುತ್ತಾರೆ, ಮಾರ್ಚ್ ತಿಂಗಳ ಟೂರ್ನಿಯಲ್ಲಿ ಒಂದೇ ಸೋಲಿಗೆ ಇಡೀ ವರ್ಷದ ಆಟ ಮುಗಿದುಹೋಗುತ್ತದೆ, ಅಂಥ ತಂಡವನ್ನು ಇಷ್ಟೊಂದು ಹಚ್ಚಿಕೊಳ್ಳುವುದು ಏತಕ್ಕೆ? ನಾನು ಅಲ್ಲಿಯೇ ಓದಿದವನು. ಮೈಸೂರಿಗೆ ಮರಳಿದ ಮೇಲೂ ಆ ತಂಡದ ಪಂದ್ಯಗಳನ್ನು ನೋಡುವುದನ್ನು ಬಿಟ್ಟಿಲ್ಲ. ನೀವು ಕೊರತೆಯೆಂದು ಎತ್ತಿ ತೋರಿಸಿದ ಆ ಎರಡು ಸಂಗತಿಗಳಿಂದಲೇ ನನ್ನ ಅಭಿಮಾನ ಬೆಳೆಯಿತು ಎಂಬುದು ನನ್ನ ಉತ್ತರ. ಅದು ಹೇಗೆಂಬುದನ್ನು ವಿವರಿಸಲು ಸ್ವಲ್ಪ ಜಾಗ ಬೇಕು.

ಮೊದಲು ಊರಿನ ಮಾತು. ಪರ್ಡ್ಯೂ ಇರುವ ವೆಸ್ಟ್ ಲಫಾಯೆಟ್ ಇಂಡಿಯಾನಾ ರಾಜ್ಯದ ಸಣ್ಣ ಪಟ್ಟಣ, ಸುತ್ತಲೂ ಮುಸುಕಿನ ಜೋಳ ಮತ್ತು ಸೋಯಾ ಹೊಲಗಳು. ಆ ರಾಜ್ಯದಲ್ಲಿ ಬಾಸ್ಕೆಟ್‌ಬಾಲ್‌ಗೆ ಇರುವ ಸ್ಥಾನ ನಮ್ಮಲ್ಲಿ ಕ್ರಿಕೆಟ್‌ಗೆ ಇರುವಂಥದ್ದೇ. ಹೈಸ್ಕೂಲು ತಂಡಗಳ ಪಂದ್ಯಕ್ಕೂ ಸಾವಿರಾರು ಜನ ಸೇರುತ್ತಾರೆ. 1967ರಲ್ಲಿ ತೆರೆದ ಮ್ಯಾಕಿ ಅರೇನಾದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಅದರ ಗುಮ್ಮಟದಂಥ ಛಾವಣಿ ಸದ್ದನ್ನು ಹೊರಗೆ ಬಿಡದೆ ಅಂಗಣದ ಮೇಲೆಯೇ ತಿರುಗಿ ಸುರಿಯುತ್ತದೆ. ಎದುರಾಳಿ ತಂಡ ಸಮಯ ಕೇಳಿ ಆಟ ನಿಲ್ಲಿಸಿದಾಗ ಅವರ ತರಬೇತುದಾರ ತನ್ನ ಆಟಗಾರರ ಕಿವಿಯ ಹತ್ತಿರ ಬಾಗಿ ಕೂಗಿ ಹೇಳುವುದನ್ನು ನಾನು ನೋಡಿದ್ದೇನೆ. ಮುಂದೆ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ ಹತ್ತು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದುಕೊಟ್ಟ ತರಬೇತುದಾರ ಜಾನ್ ವುಡನ್ 1930ರ ದಶಕದ ಆರಂಭದಲ್ಲಿ ಆಟಗಾರನಾಗಿ ಹೆಸರು ಮಾಡಿದ್ದು ಪರ್ಡ್ಯೂ ತಂಡದಲ್ಲಿ. ಪರ್ಡ್ಯೂ ಸೇರಿರುವ, ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಒಕ್ಕೂಟದ ಲೀಗ್ ಪ್ರಶಸ್ತಿಗಳನ್ನು ಅತಿ ಹೆಚ್ಚು ಬಾರಿ ಗೆದ್ದಿರುವುದೂ ಇದೇ ತಂಡ. ಇಷ್ಟೆಲ್ಲ ಇದ್ದೂ ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆ ನಡೆಸುವ, ನೀವು ಹೇಳಿದ ಆ ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಿಯಲ್ಲಿ ಪುರುಷರ ತಂಡ ಒಮ್ಮೆಯೂ ಪ್ರಶಸ್ತಿ ಗೆದ್ದಿರಲಿಲ್ಲ ಎಂಬ ಭಾರವನ್ನು ಹೊತ್ತುಕೊಂಡೇ ಅಲ್ಲಿನವರು ಆಟದ ಋತು ಶುರುವಾಗುವ ಪ್ರತಿ ನವೆಂಬರ್‌ನಲ್ಲಿ ಮ್ಯಾಕಿಗೆ ಬರುವುದನ್ನು ಕಂಡೆ. (ಮಹಿಳೆಯರ ತಂಡ 1999ರಲ್ಲಿಯೇ ಡ್ಯೂಕ್ ತಂಡವನ್ನು ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದೆ, ಅವರ ಪಂದ್ಯಗಳನ್ನೂ ನೀವು ತಪ್ಪದೆ ನೋಡಬೇಕು.)

ಆರ್‌ಸಿಬಿಯ ಕಪ್ಪಿಗಾಗಿ 2025ರವರೆಗೆ ಕಾದವರಿಗೆ ಇಂಥ ಕಾಯುವಿಕೆ ಹೊಸದಲ್ಲ. ಆದರೆ ಐಪಿಎಲ್‌ನಲ್ಲಿ ಪಳಗಿದ ಆಟಗಾರರನ್ನು ಹರಾಜಿನಲ್ಲಿ ಕೊಳ್ಳಲಾಗುತ್ತದೆ. ಕಾಲೇಜು ತಂಡದಲ್ಲಿ ಹದಿನೆಂಟು ವರ್ಷದ, ಇನ್ನೂ ಹದಗೊಳ್ಳದ ಹುಡುಗರು ನಿಮ್ಮ ಕಣ್ಣೆದುರೇ ಆಟಗಾರರಾಗುತ್ತಾರೆ. ಝ್ಯಾಕ್ ಈಡಿಯವರನ್ನೇ ನೋಡಿ. ಕೆನಡಾದ ಟೊರಾಂಟೊದವರಾದ, ಏಳು ಅಡಿ ನಾಲ್ಕು ಅಂಗುಲ ಎತ್ತರದ ಈಡಿ ಬಾಲ್ಯದಲ್ಲಿ ಆಡುತ್ತಿದ್ದುದು ಐಸ್ ಹಾಕಿ ಮತ್ತು ಬೇಸ್‌ಬಾಲ್. ಬಾಸ್ಕೆಟ್‌ಬಾಲ್‌ಗೆ ಬಂದದ್ದು ತಡವಾಗಿ. ಪರ್ಡ್ಯೂ ಸೇರುವಾಗ ಆ ವರ್ಷದ ಹೊಸಬರ ರಾಷ್ಟ್ರೀಯ ಪಟ್ಟಿಯಲ್ಲಿ ಅವರ ಹೆಸರು ನಾನೂರರ ಆಚೆ ಎಲ್ಲೋ ಇತ್ತು. ಮೊದಲ ಎರಡು ವರ್ಷ ಟ್ರೆವಿಯನ್ ವಿಲಿಯಮ್ಸ್ ಜೊತೆ, ಬುಟ್ಟಿಯ ಹತ್ತಿರ ಆಡುವ ಸೆಂಟರ್ ಸ್ಥಾನವನ್ನು ಹಂಚಿಕೊಂಡು ಆಡಿದರು. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 8.7 ಅಂಕ, ನಂತರ 14.4, ಮೂರನೆಯ ವರ್ಷ 22.3, ನಾಲ್ಕನೆಯ ವರ್ಷ 25.2. ಈ ಏರಿಕೆ ಅಂಕಪಟ್ಟಿಯಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಪ್ರತಿ ಪಂದ್ಯವನ್ನೂ ನೋಡಿದವರಿಗೆ, ಮೊದಲ ವರ್ಷ ಇಬ್ಬರು ರಕ್ಷಕರು ಮುತ್ತಿದಾಗ ತಡವರಿಸುತ್ತಿದ್ದ ಯುವಕ ಮೂರನೆಯ ವರ್ಷ ಅದೇ ಇಬ್ಬರ ತಲೆಯ ಮೇಲಿಂದ ಮೂಲೆಯಲ್ಲಿದ್ದ ಸಂಗಾತಿಗೆ ಚೆಂಡನ್ನು ತಲುಪಿಸುವುದು ಯಾವ ತಿಂಗಳಿನಿಂದ ಸಲೀಸಾಯಿತು ಎಂಬುದೂ ಗೊತ್ತಿರುತ್ತದೆ. ಅವರು 2023 ಮತ್ತು 2024ರಲ್ಲಿ ಸತತವಾಗಿ ರಾಷ್ಟ್ರದ ಶ್ರೇಷ್ಠ ಆಟಗಾರ ಎನಿಸಿಕೊಂಡರು. 1980ರ ದಶಕದ ರಾಲ್ಫ್ ಸ್ಯಾಂಪ್ಸನ್ ನಂತರ ಹಾಗೆ ಯಾರೂ ಮಾಡಿರಲಿಲ್ಲ. ನಾಲ್ಕು ವರ್ಷದ ಗಡಿ ಇರುವುದರಿಂದಲೇ ಈ ಬೆಳವಣಿಗೆಯನ್ನು ಅಷ್ಟು ಗಮನವಿಟ್ಟು ನೋಡುವ ಮನಸ್ಸಾಗುತ್ತದೆ.

ಇನ್ನು ಮಾರ್ಚ್ ಟೂರ್ನಿ. ಒಟ್ಟು 68 ತಂಡಗಳು. ನಾಲ್ಕು ವಿಭಾಗ, ಪ್ರತಿ ವಿಭಾಗದಲ್ಲಿ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ. ಸೋತವರು ಅಂದೇ ಮನೆಗೆ. ನಾನು ಅಲ್ಲಿದ್ದಾಗ, 2019ರಲ್ಲಿ, ನಾಲ್ಕರ ಘಟ್ಟ, ಅಂದರೆ ಸೆಮಿಫೈನಲ್, ತಲುಪಲು ಪರ್ಡ್ಯೂಗೆ ವರ್ಜೀನಿಯಾ ವಿರುದ್ಧ ಒಂದೇ ಗೆಲುವು ಬೇಕಿತ್ತು. ಕಾರ್ಸನ್ ಎಡ್ವರ್ಡ್ಸ್ ಆ ರಾತ್ರಿ ದೂರದಿಂದ ಹಾಕಿದ ಮೂರು ಅಂಕದ ಹತ್ತು ಎಸೆತಗಳು ಸೇರಿ 42 ಅಂಕ ಗಳಿಸಿದ್ದರು. ಕೊನೆಯ ಕ್ಷಣಗಳಲ್ಲಿ ವರ್ಜೀನಿಯಾದವರ ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ ತಡೆಯಿಲ್ಲದ ಎಸೆತ) ತಪ್ಪಿತು. ಚೆಂಡು ಪುಟಿದು ಅಂಗಣದ ಅರ್ಧಗೆರೆಯನ್ನೂ ದಾಟಿ ಹಿಂದಕ್ಕೆ ಹೋಯಿತು. ಅದನ್ನು ಹಿಡಿದ ಕಿಹೇ ಕ್ಲಾರ್ಕ್ ಉದ್ದಕ್ಕೆ ಪಾಸ್ ಮಾಡಿದರು. ಮಮಾಡಿ ಡಿಯಾಕಿಟೆ ಎಸೆದ ಚೆಂಡು ಅವರ ಕೈ ಬಿಟ್ಟ ಬೆನ್ನಲ್ಲೇ ಸಮಯ ಮುಗಿಯಿತು, ಚೆಂಡು ಬುಟ್ಟಿಗೆ ಬಿತ್ತು. 70–70. ಹೆಚ್ಚುವರಿ ಅವಧಿಯಲ್ಲಿ ವರ್ಜೀನಿಯಾ 80–75ರಿಂದ ಗೆದ್ದಿತು, ಮುಂದೆ ಪ್ರಶಸ್ತಿಯನ್ನೂ ಪಡೆಯಿತು. ಅದಕ್ಕೆ ಹಿಂದಿನ ವರ್ಷ, 2018ರಲ್ಲಿ, ಪುರುಷರ ಟೂರ್ನಿಯಲ್ಲಿ ಹದಿನಾರನೆಯ ಶ್ರೇಯಾಂಕದ ತಂಡಕ್ಕೆ ಸೋತ ಮೊಟ್ಟಮೊದಲ ಅಗ್ರ ಶ್ರೇಯಾಂಕಿತ ತಂಡವೆಂಬ ಅವಮಾನಕ್ಕೆ ಗುರಿಯಾಗಿದ್ದುದೂ ಇದೇ ವರ್ಜೀನಿಯಾ.

ಆ ಅವಮಾನಕ್ಕೆ ಗುರಿಯಾದ ಎರಡನೆಯ ತಂಡ ಪರ್ಡ್ಯೂ. 2023ರ ಮಾರ್ಚ್ 17ರಂದು, ಬಿಗ್ ಟೆನ್ ಲೀಗ್ ಮತ್ತು ಒಕ್ಕೂಟದ ಟೂರ್ನಿ ಎರಡನ್ನೂ ಗೆದ್ದು ಬಂದಿದ್ದ ಪರ್ಡ್ಯೂ, ಓಹಾಯೊದ ಕೊಲಂಬಸ್‌ನಲ್ಲಿ ಫೇರ್ಲಿ ಡಿಕಿನ್ಸನ್ ಎಂಬ ಸಣ್ಣ ವಿಶ್ವವಿದ್ಯಾಲಯದ ಎದುರು 63–58ರಿಂದ ಸೋತಿತು. ಎದುರಾಳಿಗಳು ಸರಾಸರಿ ಎತ್ತರದಲ್ಲಿ ಮೊದಲ ದರ್ಜೆಯ ತಂಡಗಳಲ್ಲೇ ಅತ್ಯಂತ ಕುಳ್ಳರು. ಅವರು ಈಡಿಯವರ ಹಿಂದೊಬ್ಬ ಮುಂದೊಬ್ಬ ನಿಂತು ಚೆಂಡೇ ಅವರಿಗೆ ಸಿಗದಂತೆ ಮಾಡಿದರು. ಹೊರಗಿನಿಂದ ಎಸೆಯಬೇಕಾದವರು ಮೂರು ಅಂಕದ 26 ಎಸೆತಗಳಲ್ಲಿ ಹಾಕಿದ್ದು ಐದು ಮಾತ್ರ. ನಮ್ಮಲ್ಲಿ ಆಗ ಶನಿವಾರದ ನಸುಕು. ಪಂದ್ಯ ಮುಗಿದ ಮೇಲೆ ನಾನು ಪರದೆಯನ್ನು ಆರಿಸದೆ ಬಹಳ ಹೊತ್ತು ಕುಳಿತಿದ್ದೆ. ನೀವು ಕೇಳಿದ ಪ್ರಶ್ನೆಯನ್ನು ಅಂದು ಯಾರಾದರೂ ಕೇಳಿದ್ದರೆ ನನ್ನಿಂದ ಉತ್ತರ ಹೊರಡುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಮರುವರ್ಷ. ಈಡಿ ವೃತ್ತಿಪರ ಲೀಗಿಗೆ ಹೋಗದೆ ಹಿಂದಿರುಗಿದರು; ಕೊಲಂಬಸ್‌ನಲ್ಲಿ ಸೋತಾಗ ಮೊದಲ ವರ್ಷದಲ್ಲಿದ್ದ, ಇಂಡಿಯಾನಾದವರೇ ಆದ ಬ್ರೇಡನ್ ಸ್ಮಿತ್ ಮತ್ತು ಫ್ಲೆಚರ್ ಲೋಯರ್ ಉಳಿದರು. 2005ರಿಂದ ತಂಡವನ್ನು ನಡೆಸುತ್ತಿದ್ದ, ಸ್ವತಃ ಪರ್ಡ್ಯೂಗಾಗಿ ಆಡಿದ್ದ ತರಬೇತುದಾರ ಮ್ಯಾಟ್ ಪೇಂಟರ್ ಆ ಸೋಲನ್ನು ಮುಚ್ಚಿಡಲಿಲ್ಲ. ಎದುರಾಳಿ ಊರುಗಳಲ್ಲಿ ಪ್ರೇಕ್ಷಕರು ಇಡೀ ಚಳಿಗಾಲ ಅದನ್ನೇ ಹೇಳಿ ಕೆಣಕುತ್ತಿದ್ದರೂ ತಂಡ ಮತ್ತೆ ಬಿಗ್ ಟೆನ್ ಲೀಗ್ ಗೆದ್ದಿತು, ಮತ್ತೆ ಅಗ್ರ ಶ್ರೇಯಾಂಕ ಪಡೆಯಿತು, ಮತ್ತೆ ಹದಿನಾರನೆಯ ಶ್ರೇಯಾಂಕದ ತಂಡವನ್ನೇ ಎದುರಿಸಿತು. ಈ ಬಾರಿ ಗ್ರ್ಯಾಂಬ್ಲಿಂಗ್ ಸ್ಟೇಟ್ ವಿರುದ್ಧ 78–50. ಡೆಟ್ರಾಯಿಟ್‌ನಲ್ಲಿ ಟೆನೆಸಿಯನ್ನು 72–66ರಿಂದ ಸೋಲಿಸಿದ ದಿನ ಈಡಿ ಗಳಿಸಿದ್ದು 40 ಅಂಕ. 1980ರ ನಂತರ ಮೊದಲ ಬಾರಿಗೆ ಪರ್ಡ್ಯೂ ನಾಲ್ಕರ ಘಟ್ಟದಲ್ಲಿತ್ತು. ಅಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿರುದ್ಧವೂ ಗೆದ್ದು ಫೈನಲ್ ಸೇರಿತು.

ಅರಿಜೋನಾದ ಗ್ಲೆಂಡೇಲ್‌ನಲ್ಲಿ ಆ ಫೈನಲ್ ನಡೆದದ್ದು 2024ರ ಏಪ್ರಿಲ್ 8ರ ರಾತ್ರಿ. ಇಲ್ಲಿ ಅದು ಏಪ್ರಿಲ್ 9ರ ಬೆಳಿಗ್ಗೆ, ಯುಗಾದಿ. ಮನೆಯವರು ಬಾಗಿಲಿಗೆ ತೋರಣ ಕಟ್ಟುತ್ತಿದ್ದರು, ನನ್ನ ಎಣ್ಣೆಸ್ನಾನ ಒಂಬತ್ತು ಗಂಟೆಯ ಆಚೆಗೆ ಹೋಯಿತು. ಕನೆಕ್ಟಿಕಟ್ ತಂಡ 75–60ರಿಂದ ಗೆದ್ದು ಸತತ ಎರಡನೆಯ ವರ್ಷ ಪ್ರಶಸ್ತಿ ಉಳಿಸಿಕೊಂಡಿತು. ಈಡಿಗೆ 37 ಅಂಕ ಬಿಟ್ಟುಕೊಟ್ಟು, ಉಳಿದವರಿಗೆ ಹೊರಗಿನಿಂದ ಎಸೆಯುವ ಅವಕಾಶವನ್ನೇ ಕೊಡದ ಅವರ ತಂತ್ರ ನಿಜಕ್ಕೂ ಶ್ರೇಷ್ಠವಾಗಿತ್ತು. ಪರ್ಡ್ಯೂ ಇಡೀ ಪಂದ್ಯದಲ್ಲಿ ಮೂರು ಅಂಕಕ್ಕೆ ಎಸೆದದ್ದು ಏಳು ಬಾರಿ, ಹಾಕಿದ್ದು ಒಂದು. ನನಗೆ ದುಃಖವಾಯಿತು, ಆದರೆ ಹಿಂದಿನ ಮಾರ್ಚ್‌ನ ದುಃಖವಲ್ಲ. ಕೊಲಂಬಸ್‌ನಿಂದ ಗ್ಲೆಂಡೇಲ್‌ವರೆಗೆ ಬಹುತೇಕ ಅದೇ ಹುಡುಗರು ನಡೆದು ಬಂದ ದಾರಿಯನ್ನು ಪೂರ್ತಿಯಾಗಿ ನೋಡಿದ್ದೆ ಎಂಬ ತೃಪ್ತಿ ಅದರ ಜೊತೆಗಿತ್ತು. ಕಪ್ ಗೆದ್ದ ತಂಡವನ್ನು ಆಯ್ದುಕೊಂಡು ಮೆಚ್ಚುವವರಿಗೆ ಇದು ಸಿಗುವುದಿಲ್ಲ ಎಂದೇ ನನ್ನ ದೃಢವಾದ ಅಭಿಪ್ರಾಯ.

ಒಂದು ಬದಲಾವಣೆಯ ಬಗ್ಗೆ ನಿಮಗೆ ಹೇಳಲೇಬೇಕು. 2021ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದು, ಒಂದು ವರ್ಷ ಹೊರಗೆ ಕೂರದೆ ಬೇರೆ ವಿಶ್ವವಿದ್ಯಾಲಯಕ್ಕೂ ಹೋಗಬಹುದು. ದುಡಿಯುವ ಹುಡುಗರಿಗೆ ಹಣ ಸಿಗುವುದು ನ್ಯಾಯವೇ. ಆದರೆ ಇದರಿಂದ ಎಷ್ಟೋ ತಂಡಗಳು ಪ್ರತಿ ಬೇಸಿಗೆಯಲ್ಲೂ ಬುಡಸಮೇತ ಬದಲಾಗುತ್ತವೆ. ಅಂಥ ಕಾಲದಲ್ಲಿಯೂ ಸ್ಮಿತ್, ಲೋಯರ್ ಮತ್ತು ಟ್ರೇ ಕಾಫ್ಮನ್-ರೆನ್ ಬೇರೆಲ್ಲೂ ಹೋಗದೆ ಪರ್ಡ್ಯೂದಲ್ಲೇ ಬೆಳೆದರು. 2025ರ ಮಾರ್ಚ್‌ನಲ್ಲಿ ಒಂದು ಸೆಕೆಂಡಿಗೂ ಕಡಿಮೆ ಸಮಯ ಉಳಿದಿದ್ದಾಗ ಹ್ಯೂಸ್ಟನ್ ತಂಡ ಬುಟ್ಟಿಗೆ ಹಾಕಿ 62–60ರಿಂದ ಅವರನ್ನು ಹೊರಗಟ್ಟಿದ ಮೇಲೂ ಮೂವರೂ ಮತ್ತೊಂದು ವರ್ಷಕ್ಕೆ ಮರಳಿದರು. ನಾನು ಈ ತಂಡವನ್ನು ಬಿಡದಿರಲು ಇದೂ ಒಂದು ಕಾರಣ.

ನೀವು ಅಲ್ಲಿಗೆ ಹೋದ ಕೂಡಲೇ ವಿದ್ಯಾರ್ಥಿಗಳಿಗೆಂದೇ ಇರುವ ಇಡೀ ಋತುವಿನ ಟಿಕೆಟ್ ಬಗ್ಗೆ ವಿಚಾರಿಸಿ. ಆ ವಿದ್ಯಾರ್ಥಿ ಬಳಗಕ್ಕೆ ಪೇಂಟ್ ಕ್ರೂ ಎಂದು ಹೆಸರು. ಮಾರ್ಚ್‌ಗಾಗಿ ಕಾಯಬೇಡಿ, ನವೆಂಬರ್‌ನಲ್ಲಿ ಸಣ್ಣ ವಿಶ್ವವಿದ್ಯಾಲಯಗಳ ವಿರುದ್ಧ ನಡೆಯುವ ಪಂದ್ಯಗಳಿಂದಲೇ ಹೋಗಿ. ಬೆಂಚಿನಿಂದ ಎದ್ದು ಬರುವ ಮೊದಲ ವರ್ಷದ ಹುಡುಗರನ್ನು ಅಲ್ಲಿಯೇ ಗುರುತು ಮಾಡಿಕೊಳ್ಳಬೇಕು. ರಾಜ್ಯದ ಇನ್ನೊಂದು ದೊಡ್ಡ ತಂಡವಾದ, ಬ್ಲೂಮಿಂಗ್ಟನ್ ಊರಿನ ಇಂಡಿಯಾನಾ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯವನ್ನು ಯಾವ ಕಾರಣಕ್ಕೂ ತಪ್ಪಿಸಿಕೊಳ್ಳಬೇಡಿ. 1985ರಲ್ಲಿ ಇಂಡಿಯಾನಾ ತರಬೇತುದಾರ ಬಾಬ್ ನೈಟ್ ಸಿಟ್ಟಿನಲ್ಲಿ ಕುರ್ಚಿಯನ್ನೇ ಅಂಗಣಕ್ಕೆ ಎಸೆದದ್ದು ಪರ್ಡ್ಯೂ ವಿರುದ್ಧ ಆಡುವಾಗಲೇ. ಆ ದಿನ ಮುಂದಿನ ಸಾಲು ಬೇಕೆಂದರೆ ಬಾಗಿಲು ತೆರೆಯುವ ಎಷ್ಟೋ ಹೊತ್ತಿಗೆ ಮೊದಲೇ ಹೊರಗೆ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಇಂಡಿಯಾನಾದ ಚಳಿ ನಮ್ಮ ಊರಿನ ಸ್ವೆಟರ್‌ಗೆ ಬಗ್ಗುವಂಥದ್ದಲ್ಲ, ಆದ್ದರಿಂದ ದಪ್ಪ ಕೋಟು ಮತ್ತು ಕೈಗವಸುಗಳನ್ನು ಅಕ್ಟೋಬರ್ ಹೊತ್ತಿಗೇ ಕೊಂಡಿಟ್ಟುಕೊಳ್ಳಿ.