ಓದುಗರ ಪ್ರಶ್ನೆ: ಹಿಮದ ಊರಿಗೆ ಯಾವಾಗ, ಎಲ್ಲಿಗೆ?

ಪ್ರಶ್ನೆ: ನಮಗೆ ರಜೆ ಸಿಗುವುದು ಡಿಸೆಂಬರ್ ಕೊನೇ ವಾರ ಮಾತ್ರ. ಮನೆಯವರೆಲ್ಲ ಹೋಗಿ ಹಿಮ ಬೀಳುವುದನ್ನು ಕಣ್ಣಾರೆ ನೋಡಬೇಕು ಅಂತ ಆಸೆ. ಗ್ಯಾರಂಟಿ ಇರುವ ಒಂದು ಜಾಗ ಹೇಳಿ.

ಉತ್ತರ: ಗ್ಯಾರಂಟಿ ಕೊಡುವ ಕೆಲಸವನ್ನು ಟೂರ್ ಪ್ಯಾಕೇಜ್ ಮಾರುವವರಿಗೇ ಬಿಟ್ಟುಬಿಡೋಣ. ನೆಲದ ಮೇಲೆ ಬಿದ್ದಿರುವ ಹಿಮ ನೋಡುವುದು ಬೇರೆ, ಅದು ಬೀಳುತ್ತಿರುವಾಗ ನೋಡುವುದು ಬೇರೆ. ಮೊದಲನೆಯದಕ್ಕೆ ಜಾಗ ಹೇಳಬಹುದು. ಎರಡನೆಯದಕ್ಕೆ ಸ್ವಲ್ಪ ಅದೃಷ್ಟವೂ ಬೇಕು.

ತುಂಬಾ ಜನ ಊರಿನ ಹೆಸರು ನೋಡಿ ಟಿಕೆಟ್ ಮಾಡಿಸುತ್ತಾರೆ. ನೋಡಬೇಕಾದದ್ದು ಆ ಊರಿನ ಎತ್ತರ ಮತ್ತು ನೀವು ಹೋಗುವ ತಿಂಗಳು. ಸ್ವಿಟ್ಜರ್ಲೆಂಡ್ ಅಂದ ತಕ್ಷಣ ಎಲ್ಲೆಲ್ಲೂ ಬಿಳುಪು ಅಂದುಕೊಂಡು ಇಂಟರ್‌ಲಾಕೆನ್‌ನಲ್ಲಿ ಹೋಟೆಲ್ ಹಿಡಿಯುತ್ತಾರೆ. ಆ ಊರು ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ. ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ಹುಲ್ಲು ಹಸಿರಾಗಿಯೇ ಇದ್ದು, ಮೇಲಿನಿಂದ ಮಳೆ ಸುರಿಯುತ್ತಿದ್ದರೂ ಆಶ್ಚರ್ಯವಿಲ್ಲ. ಪ್ರತಿ ಸಾವಿರ ಮೀಟರ್ ಮೇಲೆ ಹೋದಂತೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಹಾಗಾಗಿ ಅದೇ ದಿನ, ಅದೇ ಮೋಡ, ಕೆಳಗೆ ಮಳೆ ಆದದ್ದು 1,640 ಮೀಟರ್ ಎತ್ತರದ ಮ್ಯೂರೆನ್ ಹಳ್ಳಿಯಲ್ಲಿ ಹಿಮವಾಗಿ ಬೀಳುತ್ತದೆ. ಇಂಟರ್‌ಲಾಕೆನ್‌ನಿಂದ ಮ್ಯೂರೆನ್ ಏನೂ ದೂರವಿಲ್ಲ. ಕೆಳಗೆ ಮಲಗಿ ಮೇಲೆ ಫೋಟೋ ತೆಗೆಸಿಕೊಂಡು ಬರುವ ಬದಲು ಮೇಲೆಯೇ ಉಳಿಯಿರಿ. ಇನ್ನೂ ಎತ್ತರ ಬೇಕಾದರೆ ಯುಂಗ್‌ಫ್ರಾವ್‌ಯೋಕ್ ಇದೆ, 3,454 ಮೀಟರ್. 1912ರಿಂದ ರೈಲೇ ಅಲ್ಲಿಗೆ ಕರೆದುಕೊಂಡು ಹೋಗುತ್ತಿದೆ. ಅಲ್ಲಿ ವರ್ಷವಿಡೀ ಹಿಮ ಇರುತ್ತದೆ. ಆದರೆ ಅದು ಹೋಗಿ ನೋಡಿ ಬರುವ ಜಾಗ, ರಜೆ ಕಳೆಯುವ ಜಾಗವಲ್ಲ.

ಹಿಮಾಲಯದ ವಿಷಯ ಇನ್ನೂ ತಮಾಷೆ. ಅಲ್ಲಿಗೆ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಗಾಳಿಯ ಅಲೆಗಳು. ಅವು ಜೋರಾಗುವುದು ಜನವರಿ, ಫೆಬ್ರವರಿಯಲ್ಲಿ. ಕಾಶ್ಮೀರದವರು 'ಚಿಲ್ಲೈ ಕಲಾನ್' ಅನ್ನುವ ಕಡುಚಳಿಯ 40 ದಿನ ಶುರುವಾಗುವುದೇ ಡಿಸೆಂಬರ್ 21ಕ್ಕೆ. ಅಂದರೆ ನೀವು ಹೋಗುವ ಹೊತ್ತಿಗೆ ಚಳಿ ಬಂದಿರುತ್ತದೆ, ಹಿಮ ಬಂದಿರಬಹುದು, ಬಾರದೆಯೂ ಇರಬಹುದು. ಮನಾಲಿ ಪೇಟೆಯಲ್ಲಂತೂ ಡಿಸೆಂಬರ್ ಕೊನೆಯಲ್ಲಿ ಹಿಮಕ್ಕಿಂತ ಕಾರುಗಳೇ ಜಾಸ್ತಿ. ಅಲ್ಲಿಗೇ ಹೋಗುವುದಾದರೆ ಅಟಲ್ ಸುರಂಗ ದಾಟಿ ಲಾಹೌಲ್ ಕಡೆಯ ಸಿಸ್ಸು ತನಕ ಹೋಗಿ. 9 ಕಿಲೋಮೀಟರ್ ಉದ್ದದ ಈ ಸುರಂಗ 2020ರಲ್ಲಿ ತೆರೆದ ಮೇಲೆ ಚಳಿಗಾಲದಲ್ಲೂ ಆ ಕಡೆ ಹೋಗುವುದು ಸುಲಭವಾಗಿದೆ. ಜೋರು ಹಿಮ ಬಿದ್ದ ದಿನ ಮಾತ್ರ ವಾಹನ ಬಿಡುವುದಿಲ್ಲ.

ಡಿಸೆಂಬರ್ ಕೊನೆಗೆ ನಂಬಿಕೆ ಇಡಬಹುದಾದದ್ದು ಫಿನ್‌ಲೆಂಡಿನ ಲ್ಯಾಪ್‌ಲೆಂಡ್. ಆರ್ಕ್‌ಟಿಕ್ ವೃತ್ತದ ಹತ್ತಿರದ ರೊವಾನಿಯೆಮಿ, ಅದಕ್ಕಿಂತ ಉತ್ತರದ ಲೆವಿ, ಸಾರಿಸೆಲ್ಕ. ಎತ್ತರ ಕಡಿಮೆಯಾದರೂ ಅಷ್ಟು ಉತ್ತರದಲ್ಲಿ ಬಿದ್ದ ಹಿಮ ಸುಲಭಕ್ಕೆ ಕರಗುವುದಿಲ್ಲ. ಇನ್ನು ಬೀಳುತ್ತಿರುವುದನ್ನೇ ನೋಡಬೇಕು ಅಂದರೆ ನನ್ನ ಓಟು ಜಪಾನಿನ ಹೊಕ್ಕೈಡೊಗೆ. ಸೈಬೀರಿಯಾದ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ನೀರಾವಿ ಹೀರಿಕೊಂಡು ಬಂದು, ಅಲ್ಲಿನ ಬೆಟ್ಟಗಳಿಗೆ ತಾಗಿದ ಕೂಡಲೇ ಎಲ್ಲವನ್ನೂ ಹಿಮವಾಗಿ ಸುರಿದುಬಿಡುತ್ತದೆ, ಅದೂ ಬಿಟ್ಟು ಬಿಟ್ಟು ಇಡೀ ಚಳಿಗಾಲ. ಸಪ್ಪೊರೊ ಸುಮಾರು 20 ಲಕ್ಷ ಜನರ ನಗರ. ಅಲ್ಲಿ ಒಂದು ಚಳಿಗಾಲಕ್ಕೆ ಬೀಳುವ ಹಿಮವನ್ನೆಲ್ಲ ಕೂಡಿಸಿದರೆ ಸರಾಸರಿ ಐದು ಮೀಟರ್ ಹತ್ತಿರ ಆಗುತ್ತದೆ. ಒಂದು ವಾರ ಉಳಿದರೆ ಬೀಳುವ ಹಿಮ ನೋಡದೇ ವಾಪಸ್ ಬರುವುದೇ ಕಷ್ಟ.

ಪ್ರಶ್ನೆ: ಗಂಡನಿಗೆ ಫೆಬ್ರವರಿಯಲ್ಲಷ್ಟೇ ರಜೆ. ಆಗ ಹಿಮವೆಲ್ಲ ಮುಗಿದಿರುತ್ತದೆ, ಸುಮ್ನೆ ಹೋಗಬೇಡಿ ಅನ್ನುತ್ತಿದ್ದಾರೆ. ನಿಜವೇ?

ಉತ್ತರ: ಹಾಗೆ ಹೇಳಿದವರ ಮಾತು ಕೇಳಬೇಡಿ. ಮೇಲಿನ ಪ್ರಶ್ನೆ ಕೇಳಿದವರು ನಿಮ್ಮನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಅಷ್ಟು ಹೊತ್ತಿಗೆ ನೆಲದಲ್ಲಿ ಹಿಮ ದಪ್ಪ ಕಟ್ಟಿರುತ್ತದೆ, ಹಗಲು ಉದ್ದವಾಗಿರುತ್ತದೆ, ಹೊಸವರ್ಷದ ನೂಕುನುಗ್ಗಲು ಇರುವುದಿಲ್ಲ. ಕಾಶ್ಮೀರದ ಗುಲ್ಮಾರ್ಗ್‌ಗೆ ಒಳ್ಳೇ ಕಾಲವೇ ಅದು. ಸಪ್ಪೊರೊದ ಹಿಮ ಉತ್ಸವವೂ ಫೆಬ್ರವರಿ ಮೊದಲ ಭಾಗದಲ್ಲೇ. 1950ರಲ್ಲಿ ಶಾಲೆಯ ಹುಡುಗರು ಓದೋರಿ ಪಾರ್ಕಿನಲ್ಲಿ ಆರು ಹಿಮದ ಬೊಂಬೆ ಮಾಡಿದ್ದರಿಂದ ಶುರುವಾದದ್ದು ಈಗ ಮನೆಗಿಂತ ಎತ್ತರದ ಶಿಲ್ಪಗಳವರೆಗೆ ಬಂದಿದೆ. ಆಲ್ಪ್ಸ್ ಒಂದರಲ್ಲಿ ಎಚ್ಚರ ಇರಲಿ, ಯುರೋಪಿನ ಎಷ್ಟೋ ಕಡೆ ಶಾಲೆಗಳಿಗೆ ಫೆಬ್ರವರಿಯಲ್ಲೇ ಚಳಿಗಾಲದ ರಜೆ. ಅಲ್ಲಿಗಾದರೆ ಜನವರಿ ಮಧ್ಯ ಅಥವಾ ಮಾರ್ಚ್ ಮೊದಲ ವಾರಗಳು ವಾಸಿ.

ಪ್ರಶ್ನೆ: ಹಿಮದ ಜೊತೆಗೆ ರಾತ್ರಿ ಆಕಾಶದಲ್ಲಿ ಕುಣಿಯುವ ಉತ್ತರದ ಬೆಳಕು, ಅಂದರೆ ಅರೋರಾ ಕೂಡ ನೋಡಬೇಕು. ಟ್ರಾಮ್ಸೊಗೆ ಹೋದರೆ ಸಾಕಲ್ವಾ? ಎರಡು ರಾತ್ರಿ ಇಟ್ಟುಕೊಂಡಿದ್ದೇವೆ.

ಉತ್ತರ: ಎರಡು ರಾತ್ರಿ ಸಾಲದು. ಕನಿಷ್ಠ ನಾಲ್ಕಾದರೂ ಇಟ್ಟುಕೊಳ್ಳಿ. ಅರೋರಾ ಕಾಣಬೇಕಾದರೆ ಮೂರು ಸೇರಬೇಕು: ಸೂರ್ಯನ ಕಡೆಯಿಂದ ಕಣಗಳು ಬರಬೇಕು, ಕತ್ತಲಿರಬೇಕು, ಮೋಡ ಇರಬಾರದು. ನಾರ್ವೆಯ ಟ್ರಾಮ್ಸೊ 69 ಡಿಗ್ರಿ ಉತ್ತರದಲ್ಲಿದೆ, ಕತ್ತಲಿಗೆ ಏನೂ ಕೊರತೆ ಇಲ್ಲ. ನವೆಂಬರ್ ಕೊನೆಯಿಂದ ಜನವರಿ ಮಧ್ಯದ ತನಕ ಸೂರ್ಯ ಹುಟ್ಟುವುದೇ ಇಲ್ಲ. ಹಾಗಂತ ಇಪ್ಪತ್ನಾಲ್ಕು ಗಂಟೆಯೂ ಗಾಢ ಕತ್ತಲಲ್ಲ, ಮಧ್ಯಾಹ್ನದ ಹೊತ್ತು ಒಂದೆರಡು ಗಂಟೆ ನೀಲಿ ಬೆಳಕು ಇರುತ್ತದೆ, ಅದೂ ಚೆಂದವೇ. ತೊಂದರೆ ಬರುವುದು ಮೋಡದಿಂದ. ಟ್ರಾಮ್ಸೊ ಸಮುದ್ರದ ಪಕ್ಕದ ಊರು, ಬೆಚ್ಚನೆಯ ಸಾಗರ ಪ್ರವಾಹದಿಂದಾಗಿ ಚಳಿ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ, ಮೋಡ ಮಾತ್ರ ಜಾಸ್ತಿ. ಸ್ವೀಡನ್ನಿನ ಅಬಿಸ್ಕೊ ಬೆಟ್ಟಗಳ ಮರೆಯಲ್ಲಿರುವ ಒಣ ಜಾಗ, ಅಲ್ಲಿ ಆಕಾಶ ಬೇಗ ತಿಳಿಯಾಗುತ್ತದೆ. ಅಬಿಸ್ಕೊಗೆ ಹೋದರೆ ಕಿರುನಾ ಹತ್ತಿರದ ಯುಕ್ಕಸ್‌ಯಾರ್ವಿ ಹಳ್ಳಿಯ ಐಸ್‌ಹೋಟೆಲನ್ನೂ ನೋಡಬಹುದು. ಟೋರ್ನೆ ನದಿಯ ಮಂಜುಗಡ್ಡೆ ಕೊಯ್ದು ಪ್ರತಿ ಚಳಿಗಾಲ ಹೊಸದಾಗಿ ಕಟ್ಟುತ್ತಾರೆ. ಒಳಗೆ ಒಂದು ರಾತ್ರಿ ಮಲಗುವ ಹುಚ್ಚು ಇದ್ದವರು ಮಲಗಲಿ. ನನಗಾದರೆ ಹಗಲು ಹೋಗಿ ನೋಡಿ ಬಂದರೆ ಸಾಕು.

ಇನ್ನೊಂದು ಮಾತು. ಫೋಟೋದಲ್ಲಿ ಕಾಣುವ ಕಡು ಹಸಿರು ಬಣ್ಣ ಕ್ಯಾಮೆರಾ ಕಣ್ಣಿಗೆ ಕಂಡದ್ದು. ಮಂದ ಅರೋರಾ ಬರಿಗಣ್ಣಿಗೆ ಬೂದುಬಣ್ಣದ ಮೋಡದ ಹಾಗೆ ಕಾಣಬಹುದು. ಜೋರಾಗಿ ಬಂದ ದಿನ ಮಾತ್ರ ಬಣ್ಣವೂ ಕುಣಿತವೂ ಕಣ್ಣಿಗೇ ಕಾಣುತ್ತದೆ. ಆದ್ದರಿಂದ ಅರೋರಾ ಕಾಣದಿದ್ದರೂ ಖುಷಿ ಕೊಡುವಂಥ ಪ್ರವಾಸ ಹಾಕಿಕೊಳ್ಳಿ. ನಾಯಿಗಳು ಎಳೆಯುವ ಜಾರುಬಂಡಿ, ಹೆಪ್ಪುಗಟ್ಟಿದ ಕೆರೆಯ ಮೇಲಿನ ನಡಿಗೆ, ಹೀಗೆ ಹಗಲಿನ ಕೆಲಸಗಳೂ ಇರಲಿ.

ಪ್ರಶ್ನೆ: ಸ್ಕೀಯಿಂಗ್ ಮೂರು ದಿನದಲ್ಲಿ ಬರುತ್ತದೆಯೇ? ವಯಸ್ಸು ನಲವತ್ತು ದಾಟಿದೆ.

ಉತ್ತರ: ಮೂರು ದಿನಕ್ಕೆ ಬೀಳುವುದು, ಏಳುವುದು, ಹಲಗೆಯ ಮುಂದಿನ ತುದಿಗಳನ್ನು ಹತ್ತಿರ ತಂದು ನಿಲ್ಲಿಸುವುದು, ಇಷ್ಟು ಬರುತ್ತದೆ. ಅಷ್ಟಕ್ಕೇ ಸಿಕ್ಕಾಪಟ್ಟೆ ಖುಷಿಯಾಗುತ್ತದೆ. ಗೆಳೆಯರು ಕಲಿಸುತ್ತೇನೆ ಅಂದರೆ ಒಪ್ಪಬೇಡಿ, ತರಬೇತುದಾರರ ಹತ್ತಿರವೇ ಕಲಿಯಿರಿ. ಹಲಗೆ, ಬೂಟು, ಹೆಲ್ಮೆಟ್ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಬೂಟು ಮಾತ್ರ ಅವಸರದಲ್ಲಿ ತೆಗೆದುಕೊಳ್ಳಬೇಡಿ, ಕಾಲು ನೋಯಿಸುವ ಬೂಟು ಇಡೀ ದಿನ ಕೆಡಿಸುತ್ತದೆ. ಸಾಮಾನ್ಯ ಪ್ರಯಾಣ ವಿಮೆಯಲ್ಲಿ ಎಷ್ಟೋ ಸಲ ಸ್ಕೀಯಿಂಗ್ ಸೇರಿರುವುದಿಲ್ಲ, ಬೇರೆಯಾಗಿ ಸೇರಿಸಬೇಕು. ಹೊರಡುವ ಮೊದಲೇ ಆ ಸಣ್ಣ ಅಕ್ಷರಗಳನ್ನು ಓದಿ.

ಮನೆಯಲ್ಲಿ ಸ್ಕೀ ಬೇಡ ಅನ್ನುವವರೂ ಇದ್ದರೆ ಅವರಿಗೂ ಕೆಲಸ ಇರುವ ಜಾಗ ಆರಿಸಿ. ಗುಲ್ಮಾರ್ಗ್‌ನಲ್ಲಿ ಗೊಂಡೋಲಾ ಅನ್ನುವ ಕೇಬಲ್ ಕಾರ್ ಇದೆ, ಎರಡನೇ ಹಂತ ನಾಲ್ಕು ಸಾವಿರ ಮೀಟರ್ ಹತ್ತಿರದ ತನಕ ಹೋಗುತ್ತದೆ. ಕಾರುಗಳನ್ನೇ ಬಿಡದ ಸ್ವಿಟ್ಜರ್ಲೆಂಡಿನ ಜರ್ಮಾಟ್‌ನಲ್ಲಿ ಬೀದಿ ಸುತ್ತುವುದೇ ಒಂದು ಸುಖ. ಗುರುತು ಹಾಕಿದ ದಾರಿ ಬಿಟ್ಟು ಆಚೆ ಜಾರಲು ಮಾತ್ರ ಹೋಗಬೇಡಿ, ಹಿಮಕುಸಿತ ಹೇಳಿ ಕೇಳಿ ಬರುವುದಿಲ್ಲ. ಯುರೋಪ್, ಉತ್ತರ ಅಮೆರಿಕದಲ್ಲಿ ಅಪಾಯವನ್ನು 1ರಿಂದ 5ರ ತನಕ ಅಂಕಿಯಲ್ಲಿ ದಿನವೂ ಹೇಳುತ್ತಾರೆ. 3 ಅಂದರೆ ಮಧ್ಯಮ ಅಂದುಕೊಂಡು ಧೈರ್ಯ ಮಾಡುವುದು ಬೇಡ, ಅದಕ್ಕೂ ಅವರು ಕೊಟ್ಟ ಅರ್ಥ ಸಾಕಷ್ಟು ಅಪಾಯ ಅಂತಲೇ.

ಪ್ರಶ್ನೆ: ಅಪ್ಪ ಅಮ್ಮನಿಗೆ ಎಪ್ಪತ್ತರ ಹತ್ತಿರ, ಅಪ್ಪನಿಗೆ ಬಿಪಿ ಇದೆ. ಜನವರಿಯಲ್ಲಿ ವಿಮಾನದಲ್ಲೇ ಲೇಹ್‌ಗೆ ಕರೆದುಕೊಂಡು ಹೋಗೋಣ ಅಂತಿದ್ದೇವೆ.

ಉತ್ತರ: ಬೇಡ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಸಮುದ್ರ ಮಟ್ಟದಲ್ಲಿ ಸಿಗುವ ಆಮ್ಲಜನಕದ ಮೂರನೇ ಎರಡು ಭಾಗ ಮಾತ್ರ ಅಲ್ಲಿ ಒಂದು ಉಸಿರಿಗೆ ಸಿಗುತ್ತದೆ. ವಿಮಾನದಲ್ಲಿ ಒಮ್ಮೆಗೇ ಅಷ್ಟು ಮೇಲೆ ಇಳಿದರೆ ಗಟ್ಟಿ ಆಳುಗಳಿಗೇ ತಲೆನೋವು, ವಾಕರಿಕೆ ಬರುತ್ತದೆ. ಜೊತೆಗೆ ಚಳಿಯೇ ಬಿಪಿ ಏರಿಸುತ್ತದೆ. ಇನ್ನೊಂದು ವಿಚಾರ, ಲೇಹ್ ಒಣ ಪ್ರದೇಶ. ಅಷ್ಟೆಲ್ಲ ಕಷ್ಟಪಟ್ಟು ಹೋದರೂ ಪೇಟೆಯಲ್ಲಿ ಹಿಮ ತೆಳ್ಳಗೆ ಇದ್ದೀತು.

ವಯಸ್ಸಾದವರಿಗೆ ಹಿಮ ತೋರಿಸಲು ತಗ್ಗಿನ ಊರುಗಳು ಬೇಕಾದಷ್ಟಿವೆ. ಸಪ್ಪೊರೊ, ಟ್ರಾಮ್ಸೊ, ಕೆನಡಾದ ಕ್ವಿಬೆಕ್ ಸಿಟಿ, ಇವೆಲ್ಲ ಸಮುದ್ರ ಮಟ್ಟಕ್ಕೆ ಹತ್ತಿರ, ಎತ್ತರದ ಕಾಟವಿಲ್ಲ. ಡಾಕ್ಟರನ್ನು ಕೇಳಿಯೇ ಹೊರಡಿ. ಅಲ್ಲಿ ನಿಮ್ಮ ನಿಜವಾದ ಶತ್ರು ಜಾರುವ ಫುಟ್‌ಪಾತ್. ಬೂಟಿನ ಕೆಳಗೆ ಕಟ್ಟಿಕೊಳ್ಳುವ ಮುಳ್ಳಿನ ಪಟ್ಟಿ ಸಿಗುತ್ತದೆ, ಇಬ್ಬರಿಗೂ ಕೊಡಿಸಿ. ಹೆಜ್ಜೆ ಚಿಕ್ಕದಾಗಿರಲಿ, ಕೈ ಜೇಬಿನಿಂದ ಹೊರಗಿರಲಿ. ಬೆಟ್ಟದ ಊರುಗಳಲ್ಲಿ ಕೋಣೆ ಬೆಚ್ಚಗಾಗಲು ಕೆಂಡದ ಒಲೆ ತಂದಿಟ್ಟರೆ ಅದನ್ನು ಇಟ್ಟುಕೊಂಡು, ಬಾಗಿಲು ಮುಚ್ಚಿ ಮಲಗಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಇದು ಎಪ್ಪತ್ತರವರಿಗೆ ಮಾತ್ರ ಹೇಳಿದ ಮಾತಲ್ಲ.

ಪ್ರಶ್ನೆ: ಮೈನಸ್ 20 ಡಿಗ್ರಿಗೆ ಎಷ್ಟು ಸ್ವೆಟರ್ ಬೇಕು?

ಉತ್ತರ: ಸ್ವೆಟರ್ ಲೆಕ್ಕ ಬಿಡಿ, ಪದರದ ಲೆಕ್ಕ ಹಾಕಿ. ಮೈಗೆ ಅಂಟಿದಂತೆ ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ದಪ್ಪ ಉಣ್ಣೆ, ಎಲ್ಲದರ ಹೊರಗೆ ಗಾಳಿ ನೀರು ತಡೆಯುವ ಜಾಕೆಟ್. ಚೀನಾದ ಹಾರ್ಬಿನ್‌ನ ಮಂಜುಗಡ್ಡೆ ಉತ್ಸವದಂಥ ಕಡೆ ರಾತ್ರಿ ತುಂಬಾ ಹೊತ್ತು ನಿಂತು ನೋಡುತ್ತೀರಿ, ಅಲ್ಲಿಗೆ ಪುಕ್ಕ ತುಂಬಿದ ಉದ್ದನೆ ಕೋಟೇ ಬೇಕು. ಒಳಗೆ ಹತ್ತಿ ಬಟ್ಟೆ ಬೇಡ. ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿದು ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಕಾಲಿಗೆ ಎರಡು ಮೂರು ಜೊತೆ ಕಾಲುಚೀಲ ತುರುಕುವುದು ಎಲ್ಲರೂ ಮಾಡುವ ಕೆಲಸ, ಆದರೆ ಬೂಟು ಬಿಗಿಯಾಗಿ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ದಪ್ಪದ ಒಂದೇ ಜೊತೆ, ಬೆರಳು ಆಡುವಷ್ಟು ಜಾಗ ಇರುವ ಬೂಟು, ಸಾಕು. ಕೈಗೆ ಬೆರಳು ಬೇರೆ ಬೇರೆ ಇರುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಕೂರುವ ಮಿಟನ್ ಬೆಚ್ಚಗೆ.

ಹವಾಮಾನ ಆ್ಯಪ್‌ನಲ್ಲಿ ಬರೀ ಡಿಗ್ರಿ ನೋಡಬೇಡಿ, ಗಾಳಿಯನ್ನೂ ನೋಡಿ. ಮೈನಸ್ 10 ಇದ್ದು 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮುಖಕ್ಕೆ ಮೈನಸ್ 20ರ ಅನುಭವವೇ. ಹಾಂ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಮರೆಯಬೇಡಿ. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣದಲ್ಲಿ ಶೇಕಡ 80ರಷ್ಟನ್ನು ತಿರುಗಿ ಎಸೆಯಬಲ್ಲದು, ಗಲ್ಲದ ಕೆಳಭಾಗವೂ ಸುಡುತ್ತದೆ.

ಪ್ರಶ್ನೆ: ಚಳಿಯಲ್ಲಿ ಫೋನ್ ಆಫ್ ಆಗುತ್ತದಂತೆ?

ಉತ್ತರ: ಆಗುತ್ತದೆ. ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಆಫ್ ಆದರೂ ಗಾಬರಿ ಬೇಡ, ಬೆಚ್ಚಗಾದ ಮೇಲೆ ಸಾಮಾನ್ಯವಾಗಿ ಮತ್ತೆ ಆನ್ ಆಗುತ್ತದೆ. ಕ್ಯಾಮೆರಾ ಇದ್ದರೆ ಬೆಚ್ಚನೆಯ ಕೋಣೆಗೆ ತರುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಇಲ್ಲದಿದ್ದರೆ ಲೆನ್ಸ್ ಮೇಲೆಲ್ಲ ನೀರು ಕೂರುತ್ತದೆ.

ಪ್ರಶ್ನೆ: ಹಿಮ ವರ್ಷ ವರ್ಷ ಕಡಿಮೆಯಾಗುತ್ತಿದೆ ಅನ್ನುತ್ತಾರೆ. ಎಷ್ಟೋ ತಿಂಗಳ ಮೊದಲೇ ಬುಕ್ ಮಾಡಿ ಬರಿ ನೆಲ ನೋಡಿ ಬಂದರೆ?

ಉತ್ತರ: ಹೆದರಿಕೆ ಸುಳ್ಳಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಪಾಲು ತಿಂಗಳು ಕಂದು ನೆಲವಾಗಿಯೇ ಇತ್ತು, ಹಿಮ ಬಂದದ್ದು ತಿಂಗಳ ಕೊನೆಗೆ. ಕೆನಡಾದ ಒಟ್ಟಾವಾದ ರಿಡೋ ಕಾಲುವೆ ಹೆಪ್ಪುಗಟ್ಟಿದಾಗ 7.8 ಕಿಲೋಮೀಟರ್ ಉದ್ದದ ಸ್ಕೇಟಿಂಗ್ ದಾರಿಯಾಗುತ್ತದೆ. 2022-23ರ ಚಳಿಗಾಲದಲ್ಲಿ ಸಾಕಷ್ಟು ಗಟ್ಟಿಯಾಗದೆ ಅದನ್ನು ತೆರೆಯಲೇ ಇಲ್ಲ, ಅದರ ಚರಿತ್ರೆಯಲ್ಲೇ ಮೊದಲ ಸಲ. ಬೊಲಿವಿಯಾದ ಚಕಲ್ತಾಯಾದಲ್ಲಿ ಐದು ಸಾವಿರ ಮೀಟರಿಗಿಂತ ಮೇಲೆ ಸ್ಕೀ ಮಾಡುತ್ತಿದ್ದರು, ಆ ಹಿಮನದಿಯೇ 2009ರ ಹೊತ್ತಿಗೆ ಕರಗಿ ಹೋಯಿತು. ಯಂತ್ರದಿಂದ ಹಿಮ ಮಾಡುತ್ತಾರಲ್ಲ ಅನ್ನಬಹುದು. ಅದು ಸ್ಕೀ ದಾರಿಗೆ ಸಾಕು, ಮರದ ಮೇಲೆ, ಮಾಡಿನ ಮೇಲೆ ಕೂರುವ ಹಿಮ ಅದರಿಂದ ಬರುವುದಿಲ್ಲ. ಯಂತ್ರ ಓಡಲೂ ಚಳಿ ಬೇಕೇ ಬೇಕು.

ಹಾಗಾಗಿ ರದ್ದು ಮಾಡಬಹುದಾದ ಹೋಟೆಲ್ ಹಿಡಿಯಿರಿ, ಎರಡು ಕಾಸು ಜಾಸ್ತಿ ಆದರೂ ಸರಿ. ಒಂದೇ ಊರಿನಲ್ಲಿ ಐದಾರು ದಿನ ಉಳಿಯಿರಿ, ದಿನಕ್ಕೊಂದು ಊರು ಓಡಿದರೆ ಹಿಮ ಒಂದು ಕಡೆ, ನೀವು ಒಂದು ಕಡೆ. ಹೊರಡುವ ಹಿಂದಿನ ವಾರ ಆ ಊರಿನ ವೆಬ್‌ಕ್ಯಾಮ್ ನೋಡಿ. ಹೆಚ್ಚಿನ ಸ್ಕೀ ಊರುಗಳು ಬೆಟ್ಟದ ಬುಡದ್ದೂ ತುದಿಯದ್ದೂ ನೇರ ದೃಶ್ಯ ಹಾಕುತ್ತವೆ. ಜಾಹೀರಾತಿನ ಫೋಟೋ ಯಾವ ವರ್ಷದ್ದೋ ಏನೋ, ಕ್ಯಾಮೆರಾ ಈವತ್ತಿನದನ್ನು ತೋರಿಸುತ್ತದೆ.

ಪ್ರಶ್ನೆ: ನಮಗೆ ರಜೆ ಸಿಗುವುದೇ ಜುಲೈನಲ್ಲಿ. ನಮ್ಮ ಹಣೆಯಲ್ಲಿ ಹಿಮ ಬರೆದಿಲ್ಲ ಬಿಡಿ.

ಉತ್ತರ: ಬರೆದಿದೆ, ಗ್ಲೋಬ್ ತಿರುಗಿಸಿ ಕೆಳಗೆ ನೋಡಿ. ಜುಲೈ, ಆಗಸ್ಟ್ ಅಂದರೆ ದಕ್ಷಿಣಾರ್ಧದಲ್ಲಿ ನಡು ಚಳಿಗಾಲ. ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್, ಅರ್ಜೆಂಟೀನಾದ ಬಾರಿಲೋಚೆ, ಚಿಲಿಯ ಪೋರ್ಟಿಯೊ ಇವೆ. ಕ್ವೀನ್ಸ್‌ಟೌನ್ ಪೇಟೆ ಕೆರೆಯ ದಡದಲ್ಲಿ ತಗ್ಗಿನಲ್ಲಿದೆ, ಅಲ್ಲಿ ಹಿಮ ಅಪರೂಪ. ಹತ್ತಿರದ ಕೊರೊನೆಟ್ ಪೀಕ್, ರಿಮಾರ್ಕಬಲ್ಸ್ ಬೆಟ್ಟಗಳಿಗೆ ಹೋದರೆ ಬೇಕಾದಷ್ಟು ಸಿಗುತ್ತದೆ. ಹೋಗುವುದಾದರೆ ಜುಲೈ ಕೊನೆಗೆ ತಳ್ಳಿ, ತಿಂಗಳ ಮೊದಲಲ್ಲಿ ಹಿಮ ಇನ್ನೂ ತೆಳುವಾಗಿರಬಹುದು.