ಪ್ರತಿಕ್ರಿಯೆ: ಆಲಿಕಲ್ಲಿಗೆ ಸಮುದ್ರದ ಉಪ್ಪು ಕಾರಣವಾ?

ದಾವಣಗೆರೆಯಲ್ಲಿ ಬಿದ್ದ ಆಲಿಕಲ್ಲಿಗೆ ಸಮುದ್ರದ ಉಪ್ಪು ಕಾರಣವಾ ಅಂತ ಕೇಳಿದ್ದೀರಿ. ಉಪ್ಪಿನ ಕಣದ ಸುತ್ತ ಮೋಡದ ಹನಿ ಚೆನ್ನಾಗಿ ಕಟ್ಟುತ್ತದೆ ಸರ್, ಆದರೆ ಹನಿಯನ್ನು ಮಂಜುಗಡ್ಡೆ ಮಾಡೋದರಲ್ಲಿ ಅದು ಹಿಂದೆ. ಶುದ್ಧ ನೀರಿನ ಪುಟ್ಟ ಹನಿ ಸುಮಾರು ಮೈನಸ್ 38 ಡಿಗ್ರಿವರೆಗೂ ನೀರಾಗಿಯೇ ಇರಬಲ್ಲದು. ಅದಕ್ಕಿಂತ ಮುಂಚೆ ಗಟ್ಟಿಯಾಗಬೇಕಾದರೆ ಹೆಪ್ಪು ಬೇಕು, ಹಾಲಿಗೆ ಮಜ್ಜಿಗೆ ಬಿಟ್ಟ ಹಾಗೆ. ಕಡಲಲ್ಲಿ ಆ ಹೆಪ್ಪು ಕೊಡೋದು ಪಾಚಿಯಂಥ ಸಣ್ಣ ಜೀವಿಗಳು. ಅಲೆ ಮುರಿದಾಗ ನೊರೆಯ ಗುಳ್ಳೆ ಒಡೆಯುತ್ತದೆ ಅಲ್ವಾ, ಆಗ ಅವುಗಳ ಚೂರು, ಲೋಳೆ ಗಾಳಿಗೆ ಹಾರುತ್ತವೆ. ಅಂಟಾರ್ಕ್ಟಿಕಾ ಸುತ್ತಲಿನ ಕಡಲಿನ ಮೇಲೆ ಮಣ್ಣಿನ ಧೂಳು ತೀರಾ ಕಡಿಮೆ, ಅಲ್ಲಿ ಇವು ತುಂಬಾ ಮುಖ್ಯ.

ನಮ್ಮ ಕಡೆ ಹಾಗಲ್ಲ. ನಾನು ಚಿತ್ರದುರ್ಗದವನು. ಏಪ್ರಿಲ್‌ನಲ್ಲಿ ಬೆಳಿಗ್ಗೆ ಒರೆಸಿದ ಬೈಕ್ ಸೀಟಿನ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು. ಮೇಲಕ್ಕೇರಿದರೆ ಅಂಥ ಧೂಳೂ ಒಳ್ಳೆಯ ಹೆಪ್ಪೇ.